ಅರಸನ ಅಪ್ಪಣೆ, ಪೋಪರ ಮುದ್ರೆ

ಯೂರೋಪಿನ ಇತಿಹಾಸವನ್ನು ಓದಹೊರಟ ನಮ್ಮ ವಾಚಕನು ಹದಿನಾರನೆಯ ಶತಮಾನದಲ್ಲಿ ಹೊರಟು ಹದಿನೆಂಟನೆಯ ಶತಮಾನದ ಅಂಚನ್ನು ಮುಟ್ಟುವಷ್ಟರಲ್ಲಿ ಹಲವು ಪಾರಿಭಾಷಿಕ ಪದಗಳು ಅವನಿಗೆ ಎದುರಾಗುತ್ತವೆ. ಎಸ್ಟೇಟು, ಫ್ಯೂಡಲ್ ಹಿಡುವಳಿ, ಪ್ಯಾರಿಷ್, ರಿಫಾರ್ಮೇಷನ್, ಕಾನ್ಕಾರ್ಡಟ್, ದೈವದತ್ತ ರಾಜಾಧಿಕಾರ, ನಿರಂಕುಶ ಪ್ರಭುತ್ವ ಮೊದಲಾದ ಇವುಗಳ ಅರ್ಥವನ್ನು ಕೋಶದಿಂದ ಹೆಕ್ಕಿ ಬರೆದುಕೊಳ್ಳುವುದು ಕಷ್ಟವೇನಲ್ಲ. ಆದರೆ ಹಾಗೆ ಬರೆದುಕೊಂಡವನಿಗೆ ಸಮಾಜದ ಮಾತು ಒಂದು ಕಡೆ, ಮತದ ಮಾತು ಇನ್ನೊಂದು ಕಡೆ, ರಾಜನ ಮಾತು ಮತ್ತೊಂದು ಕಡೆ ಉಳಿದು, ಆಗಿನ ಕಾಲದಲ್ಲಿ ಆ ಮೂರೂ ಒಂದರೊಳಗೊಂದು ಹೆಣೆದುಕೊಂಡಿದ್ದುವೆಂಬ ಮುಖ್ಯ ಸಂಗತಿಯೇ ಕೈತಪ್ಪಿಹೋಗುತ್ತದೆ. ಆ ಹೆಣಿಗೆಯನ್ನು ಕಾಣಬೇಕಾದರೆ, ಅದರೊಳಗೆ ಹುಟ್ಟಿ, ಅದರೊಳಗೇ ದುಡಿದು, ಕೊನೆಗೆ ಅದರ ಸಿಕ್ಕಿನಲ್ಲಿಯೇ ನೊಂದ ಒಬ್ಬರ ಚರಿತ್ರೆಯನ್ನು ಹಿಡಿದು ನಡೆಯುವುದು ಲೇಸು. ಅಂಥವರೊಬ್ಬರ ಹೆಸರು ಬೆಂಗಳೂರಿನ ದಂಡುಪ್ರದೇಶದಲ್ಲಿಯೇ ನಮಗೆ ದೊರೆಯುತ್ತದೆ.

ರಿಚರ್ಡ್ಸ್ ಟೌನಿನ ಡೇವಿಸ್ ರಸ್ತೆಯಲ್ಲಿ ಪವಿತ್ರಾತ್ಮರ ದೇವಾಲಯವುಂಟು. ಸುತ್ತಲಿನವರು ಅದನ್ನು ಹೋಲಿ ಗೋಸ್ಟ್ ಚರ್ಚೆಂದೇ ಕರೆಯುವುದು ವಾಡಿಕೆ. ಅದನ್ನು ನಡೆಸುತ್ತಿರುವವರು ರಿಡೆಂಪ್ಟರಿಸ್ಟರೆಂಬ ಕಥೋಲಿಕ ಸಭೆಯ ಗುರುಗಳು. ಅದೇ ರಸ್ತೆಯಲ್ಲಿರುವ ಅವರ ಮಠಕ್ಕೆ ಮೌಂಟ್ ಸೇಂಟ್ ಅಲ್ಫಾನ್ಸಸ್ ಎಂದು ಹೆಸರು. ಆ ಹೆಸರಿನ ಮೂಲಪುರುಷರಾದ ಅಲ್ಫೋನ್ಸೊ ದೆ ಲಿಗುವೊರಿಯವರು 1696ರಲ್ಲಿ ಇಟಲಿಯ ನೇಪಲ್ಸ್ ನಗರದ ಬಳಿ ಹುಟ್ಟಿ, 1787ರಲ್ಲಿ, ಎಂದರೆ ಫ್ರಾನ್ಸಿನ ಮಹಾಕ್ರಾಂತಿಗೆ ಇನ್ನೆರಡೇ ವರ್ಷಗಳಿರುವಾಗ, ತಮ್ಮ ದೀರ್ಘಾಯುಷ್ಯವನ್ನು ಮುಗಿಸಿದರು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದಾಗ ಕಣ್ದೆರೆದವರು ಟಿಪ್ಪು ಸುಲ್ತಾನನ ಕಾಲದಲ್ಲಿ ಕಣ್ಮುಚ್ಚಿದರೆಂದರೆ ಆ ಕಾಲಾವಧಿಯ ಉದ್ದವು ನಮಗೆ ಮನದಟ್ಟಾದೀತು. ಸಮಾಜ, ಮತ, ರಾಜತ್ವ ಈ ಮೂರರ ಪದಗಳಲ್ಲಿ ಅವರ ಬಾಳನ್ನು ಸೋಕದೆ ಹೋದುವು ಅತ್ಯಲ್ಪ.

ಅಲ್ಫೋನ್ಸರ ತಂದೆ ರಾಜನೌಕಾದಳದ ಅಧಿಕಾರಿ. ಮನೆತನವು ನೇಪಲ್ಸಿನ ಕುಲೀನರ ಸಾಲಿಗೆ ಸೇರಿದುದು. ಇಲ್ಲಿಯೇ ಮೊದಲನೆಯ ಪದವನ್ನು ನಾವು ತಿಳಿಯಬೇಕಾಗುತ್ತದೆ. ಆ ಕಾಲದ ಯೂರೋಪಿಯನರು ತಮ್ಮ ಸಮಾಜವನ್ನು ಪ್ರಾರ್ಥಿಸುವವರು, ಕಾದುವವರು, ದುಡಿಯುವವರು ಎಂದು ಮೂರಾಗಿ ವಿಂಗಡಿಸಿ, ಅವುಗಳಲ್ಲಿ ಒಂದೊಂದನ್ನೂ ಎಸ್ಟೇಟು ಎಂದು ಕರೆದರು. ಈ ವಿಭಾಗಕ್ಕೆ ಹಣದ ಅಳತೆಯಿರಲಿಲ್ಲ. ಎಷ್ಟೇ ಸಿರಿವಂತನಾದ ವರ್ತಕನೂ ಮೂರನೆಯವರ ಗುಂಪಿನಲ್ಲಿಯೇ ನಿಲ್ಲಬೇಕಾಗಿದ್ದಿತು, ಮುರುಕು ಮನೆಯಲ್ಲಿ ವಾಸಿಸುವ ಕುಲೀನನೂ ಎರಡನೆಯವರ ಗೌರವಕ್ಕೆ ಬಾಧ್ಯನಾಗಿದ್ದನು. ತೆರಿಗೆ, ನ್ಯಾಯಸ್ಥಾನ, ಶಿಕ್ಷೆಯ ರೀತಿ, ಸೊಂಟಕ್ಕೆ ಕತ್ತಿಯನ್ನು ಕಟ್ಟುವ ಅಧಿಕಾರ, ಇವೆಲ್ಲವೂ ಒಂದೊಂದು ಎಸ್ಟೇಟಿಗೆ ಒಂದೊಂದು ಬಗೆ. ಫ್ರಾನ್ಸಿನಲ್ಲಿ ರಾಜನ ಮುಖ್ಯ ನೇರ ತೆರಿಗೆಯ ಭಾರವು ಬಹುಮಟ್ಟಿಗೆ ಮೂರನೆಯ ಎಸ್ಟೇಟಿನ ಹೆಗಲ ಮೇಲೆಯೇ ಬೀಳುತ್ತಿದ್ದಿತು. ಈ ಮೂರು ಎಸ್ಟೇಟುಗಳ ಪ್ರತಿನಿಧಿಗಳು ಸೇರುವ ಮಹಾಸಭೆಯು 1614ರಲ್ಲಿ ಸೇರಿದ ಮೇಲೆ ಮತ್ತೆ ಸೇರಿದುದು 1789ರಲ್ಲಿ, ಕ್ರಾಂತಿಯ ಹೊಸ್ತಿಲಲ್ಲಿ.

ಎಸ್ಟೇಟುಗಳ ಒಳಗೆ ಮತ್ತೆ ಸಣ್ಣ ಸಣ್ಣ ಸಮುದಾಯಗಳು. ನಗರಕ್ಕೆ ತನ್ನದೊಂದು ಸನ್ನದು, ನೇಕಾರರ ಸಂಘಕ್ಕೆ ಒಂದು, ವಿಶ್ವವಿದ್ಯಾನಿಲಯಕ್ಕೆ ಒಂದು, ಮಠಕ್ಕೆ ಒಂದು. ಸನ್ನದಿನಲ್ಲಿ ಬರೆದಷ್ಟು ಅಧಿಕಾರ ಆ ಸಮುದಾಯಕ್ಕುಂಟು; ಬರೆಯದಿದ್ದುದು ಇಲ್ಲ. ಹೀಗೆ ಮೇಲಿನವರ ಕೃಪೆಯಿಂದ ಒಂದು ಗುಂಪಿಗೆ ಮಾತ್ರ ದೊರೆತ ಅಧಿಕಾರವೇ ಪ್ರಿವಿಲೇಜು. ಮನುಷ್ಯನಾಗಿ ಹುಟ್ಟಿದ ಮಾತ್ರಕ್ಕೆ ಎಲ್ಲರಿಗೂ ಸಲ್ಲುವ ಹಕ್ಕು ಎಂಬ ಭಾವನೆಯು ತತ್ತ್ವಜ್ಞರ ಗ್ರಂಥಗಳಲ್ಲಿ ಅಲ್ಲಲ್ಲಿ ಇಣುಕಿದ್ದರೂ ಕಚೇರಿಗಳ ನಡವಳಿಕೆಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ನೇಪಲ್ಸಿನ ಕುಲೀನರೂ ಸೆಜ್ಜೊ ಎಂಬ ತಮ್ಮ ಕೂಟಗಳಲ್ಲಿ ಹೆಸರನ್ನು ದಾಖಲು ಮಾಡಿಸಿ ನಗರದ ಆಡಳಿತದಲ್ಲಿ ಪಾಲು ಪಡೆಯುತ್ತಿದ್ದರು. ಮನೆತನದ ಆಸ್ತಿ ಚೂರಾಗದಿರಲೆಂದು ಅದನ್ನು ಹಿರಿಯ ಮಗನೊಬ್ಬನಿಗೇ ಉಳಿಸುವ ಜ್ಯೇಷ್ಠಾಧಿಕಾರವು ಆ ವರ್ಗದ ಬೆನ್ನೆಲುಬು. ಅಲ್ಫೋನ್ಸರು ಹಿರಿಯ ಮಗ. ಅವರಿಗೆ ತಕ್ಕ ಕನ್ಯೆಯನ್ನು ಹುಡುಕುವುದೂ, ತಕ್ಕ ಉದ್ಯೋಗವನ್ನು ಕಲ್ಪಿಸುವುದೂ ತಂದೆಯ ಜೀವನದ ಮುಖ್ಯ ಧ್ಯೇಯವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಉದ್ಯೋಗವೇನೋ ಬೇಗನೆ ಒದಗಿತು. 1713ರಲ್ಲಿ, ಇನ್ನೂ ಹದಿನಾರು ವರ್ಷದ ಹುಡುಗನಾಗಿದ್ದಾಗಲೇ, ಅಲ್ಫೋನ್ಸರು ಎರಡು ನ್ಯಾಯಶಾಸ್ತ್ರಗಳಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಎರಡು ಎಂದು ಹೇಳಿದುದಕ್ಕೆ ಕಾರಣವಿದೆ. ರೋಮನರ ಕಾಲದಿಂದ ಬಂದ ಲೌಕಿಕ ನ್ಯಾಯವೊಂದು, ಚರ್ಚಿನ ನ್ಯಾಯ ಮತ್ತೊಂದು. ಎರಡಕ್ಕೂ ಬೇರೆ ಬೇರೆ ನ್ಯಾಯಸ್ಥಾನಗಳಿದ್ದುವು, ವಿವಾಹದ ವ್ಯಾಜ್ಯವೂ ಗುರುಗಳ ಅಪರಾಧವೂ ಚರ್ಚಿನ ನ್ಯಾಯಸ್ಥಾನಕ್ಕೇ ಹೋಗುತ್ತಿದ್ದುವು. ಇವೆರಡೂ ಸಾಲದೆಂಬಂತೆ ಫ್ಯೂಡಲ್ ನ್ಯಾಯವೆಂಬ ಮೂರನೆಯದೂ ಇದ್ದಿತು. ವಿಜಯನಗರದ ಅಮರನಾಯಕನು ಸೈನ್ಯಸೇವೆಯ ಕರಾರಿನ ಮೇಲೆ ಸೀಮೆಯನ್ನು ಅನುಭವಿಸುತ್ತಿದ್ದಂತೆ, ಅಲ್ಲಿಯೂ ಪ್ರಭುವು ತನ್ನ ಮೇಲಿನ ಒಡೆಯನಿಗೆ ನಿಷ್ಠೆಯ ಪ್ರಮಾಣವನ್ನು ಮಾಡಿ ಭೂಮಿಯನ್ನು ಹಿಡಿದಿದ್ದನು. ಹದಿನೆಂಟನೆಯ ಶತಮಾನದ ವೇಳೆಗೆ ಸೈನ್ಯಸೇವೆಯ ಮಾತು ಮಾಸಿಹೋಗಿ, ರೈತರಿಂದ ಬರುವ ಗೇಣಿ, ಗಿರಣಿಯ ಸುಂಕ, ಊರಿನ ನ್ಯಾಯತೀರ್ಮಾನದ ಅಧಿಕಾರ ಇಷ್ಟು ಮಾತ್ರ ಉಳಿದಿದ್ದುವು.

ಅಲ್ಫೋನ್ಸರ ವಕೀಲಿಯನ್ನು ಮುರಿದುದು ಇಂಥದೊಂದು ಹಿಡುವಳಿಯ ಮೊಕದ್ದಮೆಯೇ. 1723ರಲ್ಲಿ ನೇಪಲ್ಸಿನ ಒಬ್ಬ ಪ್ರಭುವಿಗೂ ಟಸ್ಕನಿಯ ಮಹಾಡ್ಯೂಕನಿಗೂ ನಡೆದ ಆ ವ್ಯಾಜ್ಯದಲ್ಲಿ ಪಣವಾಗಿದ್ದ ಆಸ್ತಿಯ ಬೆಲೆ 5,00,000 ಡ್ಯುಕಾಟುಗಳೆಂದು ಹೇಳುತ್ತಾರೆ. ಆ ಭೂಮಿಯನ್ನು ಲೊಂಬಾರ್ಡರ ಕಟ್ಟಳೆಯ ಪ್ರಕಾರ ಹಿಡಿದುದೇ, ಅನಂತರದ ಆಂಜು ವಂಶದ ದೊರೆಗಳ ಶಾಸನದ ಪ್ರಕಾರ ಹಿಡಿದುದೇ ಎಂಬ ಒಂದೇ ಪ್ರಶ್ನೆಯ ಮೇಲೆ, ಎಂದರೆ ಶತಮಾನಗಳ ಹಿಂದಿನ ಯಾವ ದೊರೆಯ ಅಪ್ಪಣೆ ಅದಕ್ಕೆ ಮೂಲವೆಂಬುದರ ಮೇಲೆ, ತೀರ್ಪು ನಿಂತಿದ್ದಿತು. ಅಲ್ಫೋನ್ಸರು ಸೋತರು, ನ್ಯಾಯಸ್ಥಾನಕ್ಕೆ ಬೆನ್ನು ತಿರುಗಿಸಿದರು. ಅದೇ ವರ್ಷ ಮಾತೆ ಮರಿಯಳ ಆಲಯವೊಂದರ ಪೀಠದ ಮುಂದೆ ತಮ್ಮ ಸೊಂಟದ ಕತ್ತಿಯನ್ನು ಬಿಚ್ಚಿಟ್ಟು ಬಂದರು. ಕುಲೀನನ ಗುರುತಾದ ಆ ಕತ್ತಿಯನ್ನು ಬಿಡುವುದೆಂದರೆ ಎರಡನೆಯ ಎಸ್ಟೇಟಿನಿಂದ ಮೊದಲನೆಯದಕ್ಕೆ ದಾಟಿದಂತೆ ಎಂಬುದನ್ನು ಬಲ್ಲ ತಂದೆಯ ಕೋಪಕ್ಕೆ ಮಿತಿಯಿರಲಿಲ್ಲ. 1726ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ಮೊದಲನೆಯ ಎಸ್ಟೇಟಾದ ಗುರುವರ್ಗದ ಬುಡದಲ್ಲಿದ್ದುದು ಪ್ಯಾರಿಷ್. ನಮ್ಮ ಕಥೋಲಿಕರು ಧರ್ಮಕೇಂದ್ರವೆನ್ನುವುದು ಇದನ್ನೇ. ಆ ಕಾಲದಲ್ಲಿ ಅದು ಪೂಜೆಯ ಸ್ಥಳದಷ್ಟೇ ಸರ್ಕಾರದ ಕೈಯೂ ಆಗಿದ್ದಿತು. ಹುಟ್ಟು, ಮದುವೆ, ಸಾವುಗಳ ಲೆಕ್ಕವನ್ನು ಪ್ರತಿಯೊಂದು ಪ್ಯಾರಿಷೂ ಬರೆದಿಡಬೇಕೆಂದು ಇಂಗ್ಲೆಂಡಿನಲ್ಲಿ ಆಜ್ಞೆಯಾದುದು 1538ರಲ್ಲಿ. ಬಡವರ ಪೋಷಣೆಯ ಹೊಣೆಯನ್ನು ಪ್ಯಾರಿಷುಗಳ ಮೇಲೆ ಹೊರಿಸಿದ ಕಾಯಿದೆಯನ್ನು ಅಲ್ಲಿ ಕ್ರೋಡೀಕರಿಸಿದುದು 1601ರಲ್ಲಿ. ಗುರುವಿನ ಮುಂದೆ, ಸಾಕ್ಷಿಗಳ ಎದುರಿಗೆ ನಡೆಯದ ವಿವಾಹವು ಊರ್ಜಿತವಲ್ಲವೆಂದು ಕಥೋಲಿಕರ ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ರೈತನು ಬೆಳೆದುದರಲ್ಲಿ ದಶಾಂಶವನ್ನು ಚರ್ಚಿಗೆ ಅಳೆಯಬೇಕು. ಹೀಗೆ ಒಂದು ಹಳ್ಳಿಯ ಕೂಸು ಈ ಲೋಕಕ್ಕೆ ಬಂದುದಕ್ಕೂ ಹೋದುದಕ್ಕೂ ಚರ್ಚಿನ ಪುಸ್ತಕವೇ ಸಾಕ್ಷಿ. ಆ ಪುಸ್ತಕದ ಹೊರಗಿರುವವನು, ಯೆಹೂದಿಯಾಗಲಿ ಭಿನ್ನಮತದವನಾಗಲಿ, ಸಮಾಜದ ಹೊರಗೂ ಇದ್ದಂತೆಯೇ.

ಆದರೂ ಈ ವ್ಯವಸ್ಥೆ ಎಲ್ಲೆಡೆಗೂ ಒಂದೇ ಸಮನಾಗಿ ಮುಟ್ಟಿರಲಿಲ್ಲ. ನೇಪಲ್ಸ್ ನಗರದ ಬೀದಿಗಳಲ್ಲಿ ಗುರುಗಳೂ ಸನ್ಯಾಸಿಗಳೂ ಕಿಕ್ಕಿರಿದಿದ್ದರೆ, ಅಮಾಲ್ಫಿಯ ಮೇಲಣ ಬೆಟ್ಟಗಳಲ್ಲಿ ಆಡು ಕಾಯುವವರಿಗೆ ಪ್ರಾರ್ಥನೆಯನ್ನು ಹೇಳಿಕೊಡುವವರೇ ಇರಲಿಲ್ಲ. ವಿಶ್ರಾಂತಿಗೆಂದು ಅಲ್ಲಿಗೆ ಹೋದ ಅಲ್ಫೋನ್ಸರು ಈ ದೃಶ್ಯದಿಂದ ಮನಕರಗಿ, 1732ರ ನವೆಂಬರಿನಲ್ಲಿ ಸ್ಕಾಲಾ ಎಂಬ ಬೆಟ್ಟದ ಊರಿನಲ್ಲಿ ಕೆಲವರೇ ಸಂಗಡಿಗರೊಡನೆ ಒಂದು ಹೊಸ ಸಭೆಯನ್ನು ಕಟ್ಟಿದರು. ಹಳ್ಳಿಗಳನ್ನು ಸುತ್ತಿ ಉಪದೇಶಮಾಡುವುದು ಅದರ ಕೆಲಸ. ಡೇವಿಸ್ ರಸ್ತೆಯ ಮಠದ ಬೇರು ಇರುವುದು ಆ ಬೆಟ್ಟದಲ್ಲಿ.

ಇಷ್ಟು ಹೊತ್ತಿಗಾಗಲೇ ಯೂರೋಪಿನ ಕ್ರೈಸ್ತಲೋಕವು ಒಡೆದು ಎರಡು ಶತಮಾನಗಳು ಕಳೆದಿದ್ದುವು. ಪಾಪಕ್ಕೆ ಬರಬೇಕಾದ ದಂಡನೆಯನ್ನು ಮನ್ನಿಸುವ ಪತ್ರಗಳ ಮಾರಾಟವನ್ನು ಖಂಡಿಸಿ 1517ರಲ್ಲಿ ಮಾರ್ಟಿನ್ ಲೂಥರನು ಎತ್ತಿದ ಪ್ರಶ್ನೆಗಳು, ಮನುಷ್ಯನಿಗೂ ದೇವರಿಗೂ ನಡುವೆ ಗುರುವರ್ಗವು ಬೇಕೇ ಎಂಬಲ್ಲಿಗೆ ಬಂದು ಮುಟ್ಟಿದುವು. ಅದೇ ರಿಫಾರ್ಮೇಷನ್, ಮತಸುಧಾರಣೆ. ಆ ಸುಧಾರಣೆಯಿಂದ ಪ್ರಜೆಗೆ ಮತಸ್ವಾತಂತ್ರ್ಯವು ದೊರೆಯಿತೆಂದು ಭಾವಿಸುವುದು ದುಡುಕಿನ ಮಾತಾದೀತು. 1555ರಲ್ಲಿ ಆಗ್ಸ್‌ಬರ್ಗಿನಲ್ಲಿ ಆದ ಒಪ್ಪಂದದಂತೆ, ಜರ್ಮನಿಯ ಒಂದೊಂದು ಸಂಸ್ಥಾನದ ದೊರೆಯೂ ಕಥೋಲಿಕ ಮತವನ್ನೋ ಲೂಥರನ ಮತವನ್ನೋ ಆರಿಸಿಕೊಳ್ಳಬಹುದು. ಪ್ರಜೆಗಳು ಅದನ್ನೇ ಹಿಡಿಯಬೇಕು, ಒಲ್ಲದವರು ಗಂಟುಮೂಟೆ ಕಟ್ಟಬೇಕು. ಮೂವತ್ತು ವರ್ಷಗಳ ಭೀಕರಯುದ್ಧದ ಅನಂತರ 1648ರ ವೆಸ್ಟ್‌ಫೇಲಿಯ ಕೌಲಿನಲ್ಲಿ ಇನ್ನೊಬ್ಬ ಸುಧಾರಕನಾದ ಕಾಲ್ವಿನನ ಅನುಯಾಯಿಗಳಿಗೂ ಸ್ಥಾನವು ದೊರೆಯಿತು. ಫ್ರಾನ್ಸಿನಲ್ಲಿ ನಾಲ್ಕನೆಯ ಹೆನ್ರಿಯು 1598ರಲ್ಲಿ ನಾಂಟ್ ಶಾಸನದಿಂದ ಪ್ರಾಟೆಸ್ಟಂಟರಿಗೆ ಕೊಟ್ಟ ರಕ್ಷಣೆಯನ್ನು ಅವನ ಮೊಮ್ಮಗನಾದ ಹದಿನಾಲ್ಕನೆಯ ಲೂಯಿಯು 1685ರಲ್ಲಿ ಕಿತ್ತುಕೊಂಡುದರಿಂದ ಲಕ್ಷಕ್ಕೂ ಹೆಚ್ಚು ಮಂದಿ ದೇಶವನ್ನು ಬಿಟ್ಟು ಓಡಬೇಕಾಯಿತು. ಸಹಿಷ್ಣುತೆಯೆಂಬುದು ಆಗ ಸನ್ನದಿನ ಮಾತು. ಬರೆದುಕೊಟ್ಟ ಕೈಯೇ ಅದನ್ನು ಅಳಿಸಿಹಾಕಲೂ ಬಹುದಾಗಿದ್ದಿತು.

ಬ್ರಿಟನ್ನಿನ ಕಥೆಯನ್ನು ಹೇಳುವ ಎರಡು ಕಟ್ಟಡಗಳು ನಮ್ಮ ದಂಡಿನಲ್ಲಿಯೇ ಇವೆ. ಎಂಟನೆಯ ಹೆನ್ರಿಯು 1534ರಲ್ಲಿ ತನ್ನನ್ನೇ ಇಂಗ್ಲೆಂಡಿನ ಚರ್ಚಿನ ಪರಮಾಧಿಕಾರಿಯೆಂದು ಘೋಷಿಸಿಕೊಂಡಾಗ, ಪೋಪರ ಅಧಿಕಾರವು ಹೋಯಿತಾದರೂ ಬಿಷಪ್ಪರು ಹೋಗಲಿಲ್ಲ. ಅವರನ್ನು ನೇಮಿಸುವವನು ಮಾತ್ರ ರಾಜನಾದನು. 1816ರಲ್ಲಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚನ್ನು ಪ್ರತಿಷ್ಠೆಮಾಡಿದ ಕಲ್ಕತ್ತೆಯ ಬಿಷಪ್ ಮಿಡಲ್ಟನ್ನರ ಪದವಿಯೂ ರಾಜನ ಸನ್ನದಿನಿಂದಲೇ ಬಂದುದು. ಸ್ಕಾಟ್ಲೆಂಡಿನವರದು ಬೇರೆ ದಾರಿ. ಅಲ್ಲಿ ಚರ್ಚನ್ನು ಆಳುವವರು ಬಿಷಪ್ಪರಲ್ಲ, ಸಭೆಯು ಆರಿಸಿದ ಹಿರಿಯರು. ಕಬ್ಬನ್ ರಸ್ತೆಯಲ್ಲಿ 1866ರಲ್ಲಿ ಸಿದ್ಧವಾದ ಸೇಂಟ್ ಆಂಡ್ರೂಸ್ ಚರ್ಚು ಈ ಪ್ರೆಸ್ಬಿಟೇರಿಯನ್ ಪಂಥದವರು ಕಟ್ಟಿಸಿದುದು. ಬಿಷಪ್ಪರನ್ನು ತೆಗೆದವರು ನಾಳೆ ರಾಜನನ್ನೂ ತೆಗೆದಾರೆಂದು ಎರಡೂ ನಾಡುಗಳ ದೊರೆಯಾದ ಒಂದನೆಯ ಜೇಮ್ಸನು ಅಂಜುತ್ತಿದ್ದನು. ಅವನ ಅಂಜಿಕೆ ಅವನ ಮಗನ ಪಾಲಿಗೆ ನಿಜವಾಯಿತು: ಒಂದನೆಯ ಚಾರ್ಲ್ಸನು ತನ್ನ ರೀತಿಯ ಪ್ರಾರ್ಥನಾಪುಸ್ತಕವನ್ನು ಸ್ಕಾಟರ ಮೇಲೆ ಹೇರಹೋದುದರಿಂದ ಹೊತ್ತಿಕೊಂಡ ಕಿಚ್ಚು ಅಂತರ್ಯುದ್ಧವಾಗಿ ಬೆಳೆದು, 1649ರ ಜನವರಿ 30ರಂದು ಅವನ ಶಿರಚ್ಛೇದದಲ್ಲಿ ಮುಗಿಯಿತು. ಚರ್ಚಿನ ಮೇಜಿನ ಮೇಲಣ ಪುಸ್ತಕವೂ ರಾಜನ ಕೊರಳೂ ಒಂದೇ ದಾರಕ್ಕೆ ಕಟ್ಟಿಕೊಂಡಿದ್ದ ಕಾಲವದು.

ಇನ್ನು ರಾಜತ್ವದ ಪದಗಳು. ರಾಜನು ತನ್ನ ಅಧಿಕಾರವನ್ನು ನೇರವಾಗಿ ದೇವರಿಂದ ಪಡೆದವನು, ತಪ್ಪಿದರೆ ದೇವರಿಗಲ್ಲದೆ ಪ್ರಜೆಗಳಿಗೆ ಉತ್ತರ ಹೇಳಬೇಕಾದವನಲ್ಲ ಎಂಬುದು ದೈವದತ್ತ ರಾಜಾಧಿಕಾರ; ಒಂದನೆಯ ಜೇಮ್ಸನು ಇದನ್ನು ಸ್ವತಃ ಗ್ರಂಥಮಾಡಿ ಬರೆದನು. ಒಂದು ರಾಜ್ಯದಲ್ಲಿ ಶಾಸನವನ್ನು ಮಾಡುವ ಅಂತಿಮಾಧಿಕಾರವು ಒಂದೇ ಕಡೆ ಇರಬೇಕೆಂಬ ಸಾರ್ವಭೌಮತ್ವದ ತತ್ತ್ವವನ್ನು ಫ್ರಾನ್ಸಿನ ಜಾನ್ ಬೋದ್ಯಾ 1576ರಲ್ಲಿ ಪ್ರತಿಪಾದಿಸಿದನು. ಇವೆರಡನ್ನೂ ಆಡಳಿತಕ್ಕೆ ಇಳಿಸುವ ಪ್ರಯತ್ನವೇ ನಿರಂಕುಶ ಪ್ರಭುತ್ವ. ಆದರೆ ಹದಿನಾಲ್ಕನೆಯ ಲೂಯಿಯಂತಹ ದೊರೆಯೂ ಮನಬಂದಂತೆ ನಡೆಯಲಾರದವನಾಗಿದ್ದನು. ಪ್ರಾಂತಗಳ ಸನ್ನದುಗಳು, ನ್ಯಾಯಸ್ಥಾನಗಳ ಪದ್ಧತಿಗಳು, ನಗರಗಳ ಕಟ್ಟಳೆಗಳು, ಚರ್ಚಿನ ಆಸ್ತಿ, ಇವೆಲ್ಲವೂ ಅವನ ಕೈಗೆ ಬೇಲಿಗಳು. ಆ ಬೇಲಿಗಳನ್ನು ಒಂದೊಂದಾಗಿ ಸರಿಸುವುದೇ ಅವನ ಮಂತ್ರಿಗಳ ದಿನಚರಿ. ಎಲ್ಲಕ್ಕಿಂತ ಎತ್ತರದ ಬೇಲಿ ರೋಮಿನದು.

ನೇಪಲ್ಸಿನಲ್ಲಿ ಅದು ಮತ್ತೂ ತೊಡಕಾಗಿದ್ದಿತು. ಆ ರಾಜ್ಯದ ದೊರೆ ಫ್ಯೂಡಲ್ ನ್ಯಾಯದಂತೆ ಪೋಪರ ಸಾಮಂತ; ವರ್ಷವರ್ಷವೂ ಸಂತ ಪೇತ್ರರ ಹಬ್ಬದಲ್ಲಿ ಒಂದು ಬಿಳಿಯ ಕುದುರೆಯನ್ನೂ 7,000 ಡ್ಯುಕಾಟುಗಳನ್ನೂ ಕಪ್ಪವಾಗಿ ಒಪ್ಪಿಸುವುದು ಅವನ ಕಟ್ಟುಪಾಡು. ಸ್ಪೇನಿನವರ ಕೈಯಿಂದ 1707ರಲ್ಲಿ ಆಸ್ಟ್ರಿಯದವರಿಗೂ, 1734ರಲ್ಲಿ ಬೂರ್ಬೊನ್ ವಂಶದ ಚಾರ್ಲ್ಸನಿಗೂ ಸೇರಿದ ಆ ರಾಜ್ಯದಲ್ಲಿ, ಹೊಸ ದೊರೆಯೂ ಅವನ ಮಂತ್ರಿಯಾಗಿ ಮೇಲೇರಿದ ಬೆರ್ನಾರ್ದೊ ತನುಚ್ಚಿಯೂ ಚರ್ಚಿನ ಅಧಿಕಾರವನ್ನು ಕತ್ತರಿಸುವುದರಲ್ಲಿ ನಿಷ್ಣಾತರಾಗಿದ್ದರು. ಧರ್ಮದ ವಿಷಯದಲ್ಲಿಯೂ ತನ್ನ ನಾಡಿನೊಳಗೆ ಕೊನೆಯ ಮಾತು ದೊರೆಯದೇ ಎನ್ನುವ ಈ ವಾದಕ್ಕೆ ರೀಗಲಿಸಂ ಎಂದು ಹೆಸರು. ಪೋಪರೂ ದೊರೆಯೂ ಪರಸ್ಪರ ಎಲ್ಲೆಯನ್ನು ಗೊತ್ತುಮಾಡಿಕೊಂಡು ಬರೆದ ಕರಾರಿಗೆ ಕಾನ್ಕಾರ್ಡಟ್ ಎನ್ನುತ್ತಾರೆ. ನೇಪಲ್ಸಿನಲ್ಲಿ ಅದು 1741ರಲ್ಲಿ ಆಯಿತು. ಪೋಪರ ಯಾವ ಆಜ್ಞೆಯೂ ರಾಜನ ಒಪ್ಪಿಗೆಯ ಮುದ್ರೆಯಿಲ್ಲದೆ ನಾಡಿನಲ್ಲಿ ಜಾರಿಗೆ ಬರಕೂಡದೆಂಬ ನಿಯಮವಿದ್ದಿತು; ಆ ಒಪ್ಪಿಗೆಯೇ ಎಕ್ಸೆಕ್ವಾತುರ್.

ಈ ಒಂದು ಮುದ್ರೆಗಾಗಿ ಅಲ್ಫೋನ್ಸರ ಉತ್ತರಾಯುಷ್ಯವೆಲ್ಲ ಸವೆಯಿತು. ಅವರ ಸಭೆಯ ನಿಯಮಾವಳಿಯನ್ನು 1749ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಅನುಮೋದಿಸಿದರು. ರಾಜನು ತನ್ನ ಸಮ್ಮತಿಯನ್ನು ಕೊಡಲಿಲ್ಲ. ಇರುವ ಮಠಗಳೇ ಹೆಚ್ಚಾಗಿ ಭೂಮಿಯೆಲ್ಲ ಅವುಗಳ ವಶವಾಗಿರುವಾಗ ಮತ್ತೊಂದು ಸಭೆಯೇಕೆಂಬುದು ಆಸ್ಥಾನದ ವಾದ. ಅದನ್ನು ಪೂರ್ತಿಯಾಗಿ ಅನ್ಯಾಯವೆನ್ನಲೂ ಆಗದು. ಹೀಗೆ ರೋಮಿನ ದೃಷ್ಟಿಯಲ್ಲಿ ಇರುವ, ನೇಪಲ್ಸಿನ ದೃಷ್ಟಿಯಲ್ಲಿ ಇಲ್ಲದ ಸಭೆಯೊಂದನ್ನು ಕಟ್ಟಿಕೊಂಡು ಅವರು ಹಳ್ಳಿಗಳನ್ನು ಸುತ್ತಿದರು. ಈ ನಡುವೆಯೇ ಅವರು ನೀತಿಶಾಸ್ತ್ರದ ಮಹಾಗ್ರಂಥವನ್ನು ರಚಿಸಿ, ದೈವಕೃಪೆಯನ್ನು ಕೆಲವರಿಗೇ ಮೀಸಲೆಂಬಂತೆ ಕಾಣುತ್ತಿದ್ದ ಜಾನ್ಸೆನಿಸಂ ಎಂಬ ಕಠೋರಪಂಥಕ್ಕೂ, ಎಲ್ಲವನ್ನೂ ಸಡಿಲಬಿಟ್ಟ ಇನ್ನೊಂದು ಪಂಥಕ್ಕೂ ನಡುವಣ ದಾರಿಯನ್ನು ತೋರಿಸಿದರು. ಪಾಪನಿವೇದನೆಗೆ ಬಂದ ರೈತನನ್ನು ಬೆದರಿಸದೆ ಕಳುಹಿಸುವುದನ್ನು ಗುರುಗಳಿಗೆ ಕಲಿಸಿದುದು ಅವರ ದೊಡ್ಡ ಕಾಣಿಕೆ. 1762ರಿಂದ 1775ರವರೆಗೆ ಸಾಂತ್ ಅಗಾತಾ ಎಂಬ ಸಣ್ಣ ಧರ್ಮಪ್ರಾಂತ್ಯದ ಬಿಷಪ್ಪರಾಗಿಯೂ ದುಡಿದರು.

ಅಷ್ಟರಲ್ಲಿ ಜೆಸ್ಯೂಟರ ಸಭೆಯಾದ ಯೇಸುಸಭೆಯ ಪತನವಾಯಿತು. ಪೋರ್ಚುಗಲ್, ಫ್ರಾನ್ಸ್, ಸ್ಪೇನ್‌ಗಳಿಂದ ಉಚ್ಚಾಟಿತರಾದ ಆ ಸಭೆಯವರನ್ನು 1767ರಲ್ಲಿ ನೇಪಲ್ಸೂ ಹೊರದೂಡಿತು; 1773ರಲ್ಲಿ ದೊರೆಗಳ ಒತ್ತಾಯಕ್ಕೆ ಮಣಿದು ಪೋಪರೇ ಅದನ್ನು ವಿಸರ್ಜಿಸಿದರು. ಹೊಸ ಸಭೆಗೂ ಇದೇ ಗತಿಯೆಂದು ಹೆದರಿದ ಅಲ್ಫೋನ್ಸರ ಸಂಗಡಿಗರು, ಹೇಗಾದರೂ ರಾಜಸಮ್ಮತಿಯನ್ನು ಪಡೆಯಬೇಕೆಂಬ ಆತುರದಲ್ಲಿ, ಆಸ್ಥಾನಕ್ಕೆ ಒಗ್ಗುವಂತೆ ನಿಯಮಾವಳಿಯನ್ನು ತಿದ್ದಿದರು. ಎಂಬತ್ತು ದಾಟಿ ಕಣ್ಣೂ ಕಿವಿಯೂ ಮಂಜಾಗಿದ್ದ ಸಂಸ್ಥಾಪಕರು ಅದನ್ನು ಸರಿಯಾಗಿ ನೋಡಲಾರದೆ ರುಜು ಹಾಕಿದರು. 1780ರಲ್ಲಿ ಅದು ಬಯಲಾದಾಗ ಪೋಪ್ ಆರನೆಯ ಪಯಸ್ಸರು, ತಮ್ಮ ನೇರ ಆಳ್ವಿಕೆಯ ಪ್ರದೇಶದ ಮಠಗಳಷ್ಟೇ ನಿಜವಾದ ಸಭೆಯೆಂದು ನಿರ್ಣಯಿಸಿದರು. ಪರಿಣಾಮವಾಗಿ, ತಾವೇ ಕಟ್ಟಿದ ಸಭೆಯ ಹೊರಗೆ ನಿಂತು ಅಲ್ಫೋನ್ಸರು ಪ್ರಾಣಬಿಟ್ಟರು. ಒಡೆದ ಎರಡು ಭಾಗಗಳು ಕೂಡಿದುದು 1793ರಲ್ಲಿ; ಅವರನ್ನು ಸಂತರ ಪಟ್ಟಿಗೆ ಸೇರಿಸಿದುದು 1839ರಲ್ಲಿ. ಇಲ್ಲಿ ಪ್ರಶ್ನೆಯಾಗಿದ್ದುದು ಅವರ ಶೀಲವಲ್ಲ. ಮುದ್ರೆ ಯಾರದೆಂಬ ಒಂದೇ ಜಗಳದಲ್ಲಿ ಒಬ್ಬ ವೃದ್ಧರು ಸಿಕ್ಕಿ ನಲುಗಿದರು.

ಈ ಜಗಳದ ಅಲೆಗಳು ನಮ್ಮ ನಾಡಿನ ದಡವನ್ನೂ ಮುಟ್ಟಿದುವು. ಪೂರ್ವದೇಶಗಳಲ್ಲಿ ಬಿಷಪ್ಪರನ್ನು ಸೂಚಿಸುವ ಮತ್ತು ಚರ್ಚುಗಳನ್ನು ಪೋಷಿಸುವ ಪದ್ರೋಆದೊ ಎಂಬ ಅಧಿಕಾರವನ್ನು ಪೋಪರು ಪೋರ್ಚುಗಲ್ಲಿನ ದೊರೆಗೆ ಕೊಟ್ಟಿದ್ದರು. ಅದನ್ನು ಮೊಟಕುಗೊಳಿಸುವ ಉದ್ದೇಶವನ್ನೂ ಇಟ್ಟುಕೊಂಡು 1622ರಲ್ಲಿ ರೋಮಿನಲ್ಲಿ ಧರ್ಮಪ್ರಸಾರದ ಪ್ರತ್ಯೇಕ ಕಚೇರಿಯು ತೆರೆಯಿತು. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಸೀಮೆಯೊಳಗೆ ಯೇಸುಸಭೆಯ ಕೆಲಸಕ್ಕೆ ಅಡಿಪಾಯ ಹಾಕಿದ ಲಿಯೊನಾರ್ಡೊ ಚಿನ್ನಾಮಿಯೆಂಬ ಇಟಲಿಯ ಗುರು ಬಂದುದು ಈ ಪೈಪೋಟಿಯ ಕಾಲದಲ್ಲಿಯೇ. 1773ರ ವಿಸರ್ಜನೆಯಿಂದ ಅನಾಥವಾದ ಆ ಕ್ಷೇತ್ರವು ಪ್ಯಾರಿಸ್ಸಿನ ಮಿಷನರಿಗಳ ಕೈಸೇರಿತು. ನಮ್ಮ ಜನರ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದಿಂದ ಪ್ರಸಿದ್ಧರಾದ ಅಬ್ಬೆ ದುಬ್ವಾ ಆ ಗುಂಪಿನವರು. ಲಿಸ್ಬನ್ನಿನ ಆಸ್ಥಾನದ ಒಂದು ಕೋಪವು ಶ್ರೀರಂಗಪಟ್ಟಣದ ಹಳ್ಳಿಯ ಗುರುವನ್ನು ಬದಲಾಯಿಸುವಷ್ಟು ಉದ್ದವಾದ ಕೈಯುಳ್ಳದ್ದಾಗಿದ್ದಿತು.

ಇಂದು ರಿಚರ್ಡ್ಸ್ ಟೌನಿನಲ್ಲಿ ಆ ಹಳೆಯ ಕಲಹಗಳ ವಾರಸುದಾರರು ನೆರೆಹೊರೆಯವರು. ಅಲ್ಫೋನ್ಸರ ಮಠವಿರುವ ಈ ಬಡಾವಣೆಯಲ್ಲಿಯೇ, ಗುರುವರ್ಗವೇ ಬೇಡವೆನ್ನುವ ಬ್ರೆದ್ರೆನ್ ಪಂಥದ ರೆಡ್‌ವುಡ್ ಸೋದರರು 1914ರಲ್ಲಿ ಸ್ಥಾಪಿಸಿದ ಕ್ಲಾರೆನ್ಸ್ ಹೈಸ್ಕೂಲು ನಡೆಯುತ್ತಿದೆ. ಹದಿನೇಳನೆಯ ಶತಮಾನದಲ್ಲಿ ಒಬ್ಬರನ್ನೊಬ್ಬರು ಇರಿದ ಆಂಗ್ಲಿಕನರೂ ಪ್ರೆಸ್ಬಿಟೇರಿಯನರೂ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ ಇತರರೊಡನೆ ಒಂದಾದರು. ಯಾವ ದೊರೆಯ ಆಜ್ಞೆಯೂ ಅವರನ್ನು ಕೂಡಿಸಲಿಲ್ಲ. ಇದನ್ನು ಕಾಲದ ಮಹಿಮೆಯೆಂದಾಗಲಿ ಜನರ ಒಳ್ಳೆಯತನವೆಂದಾಗಲಿ ಹೇಳಿ ಮುಗಿಸುವುದು ಸಾಲದು. ಅದರ ಹಿಂದೆ ನ್ಯಾಯದ ತಳಹದಿಯೇ ಬದಲಾದ ಸಂಗತಿಯಿದೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 26ನೆಯ ಅನುಚ್ಛೇದವು, ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯ ಇವುಗಳಿಗೆ ಒಳಪಟ್ಟು, ಧಾರ್ಮಿಕ ಹಾಗೂ ದಾನಧರ್ಮದ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವುದೂ ಧರ್ಮದ ವಿಷಯದಲ್ಲಿ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುವುದೂ ಪ್ರತಿಯೊಂದು ಧಾರ್ಮಿಕ ಪಂಗಡದ ಹಕ್ಕೆಂದು ಸಾರುತ್ತದೆ. ಸರ್ಕಾರವು ಕಟ್ಟಡದ ನಕ್ಷೆಯನ್ನು ಕೇಳೀತು, ಲೆಕ್ಕಪತ್ರವನ್ನು ತನಿಖೆಮಾಡೀತು. ನೀನು ಇರಬಹುದೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳಲಾರದು.

ಎಸ್ಟೇಟು, ಕಾನ್ಕಾರ್ಡಟ್, ಎಕ್ಸೆಕ್ವಾತುರ್ ಮೊದಲಾದ ಪದಗಳನ್ನು ಇಂದಿನ ವಿದ್ಯಾರ್ಥಿಯು ಪರೀಕ್ಷೆಗಾಗಿ ಕಲಿತು ಮರೆಯುವುದು ಸಹಜ. ಆದರೆ ಅವುಗಳೆಲ್ಲದರ ಒಳಗೆ ಹರಿಯುತ್ತಿದ್ದ ಒಂದು ಭೇದವನ್ನು, ಕೃಪೆಯಾಗಿ ಬಂದುದಕ್ಕೂ ಹಕ್ಕಾಗಿ ಇರುವುದಕ್ಕೂ ನಡುವಣ ಭೇದವನ್ನು, ಅವನು ಮರೆಯಕೂಡದು. ತನಗೆ ಸಲ್ಲಬೇಕಾದುದನ್ನು ಪ್ರಭುಗಳ ಔದಾರ್ಯವೆಂದು ಕೈಮುಗಿದು ಸ್ವೀಕರಿಸುವ ಪ್ರಜೆಯು ಯಾವ ಶತಮಾನದಲ್ಲಿ ಬದುಕಿದ್ದರೂ ಸನ್ನದುಗಳ ಯುಗದಲ್ಲಿಯೇ ಬದುಕಿದವನು. ಇನ್ನೊಬ್ಬರ ಹಕ್ಕನ್ನು ತಾನು ತೋರುವ ದಯೆಯೆಂದು ಎಣಿಸುವವನು ಆ ಯುಗವನ್ನು ಮತ್ತೆ ಬಾಗಿಲಿಗೆ ಕರೆದವನು.